ಅಪ್ಪ-ಅಮ್ಮನ ಜೊತೆ ಶ್ರೀಲಂಕಾಕ್ಕೆ: ಆರು ದಿನಕ್ಕೆ ಒಂಬತ್ತು ಊರು ಬೇಡ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ. ಅಪ್ಪ-ಅಮ್ಮ ಭದ್ರಾವತಿಯಲ್ಲಿದ್ದಾರೆ. ಅಪ್ಪನಿಗೆ 68, ಪೇಪರ್ ಮಿಲ್‌ನಲ್ಲಿ ದುಡಿದವರು, ಬಿ.ಪಿ., ಶುಗರ್ ಎರಡೂ ಇವೆ. ಅಮ್ಮನಿಗೆ 63, ಮಂಡಿನೋವು. ಈ ವರ್ಷ ಅವರ ಮದುವೆಯಾಗಿ ನಲವತ್ತು ವರ್ಷ. ಇಬ್ಬರೂ ವಿಮಾನ ಹತ್ತಿದವರಲ್ಲ. ಸೀತಾಮಾತೆ ಇದ್ದ ಜಾಗ ನೋಡಬೇಕು ಎಂದು ಅಪ್ಪ ಯಾವಾಗಲೋ ಒಮ್ಮೆ ಅಂದಿದ್ದರು. ಅದಕ್ಕೇ ಶ್ರೀಲಂಕಾ ಎಂದುಕೊಂಡೆ. ನಾನು, ಎಂಟು ವರ್ಷದ ಮಗ, ಅವರಿಬ್ಬರು, ಒಟ್ಟು ನಾಲ್ಕು ಜನ. ನನಗೆ ರಜೆ ಸಿಗುವುದು ಏಪ್ರಿಲ್‌ನಲ್ಲಿ, ಎರಡನೇ ವಾರ ಹೊರಡುವ ಯೋಚನೆ. ಏಜೆಂಟ್ ಒಬ್ಬರು ಆರು ದಿನದ 'ರಾಮಾಯಣ ದರ್ಶನ' ಹೇಳಿದ್ದಾರೆ: ಕೊಲಂಬೊ, ಮುನ್ನೇಶ್ವರಂ, ದಂಬುಲ್ಲಾ, ಸಿಗಿರಿಯಾ, ಟ್ರಿಂಕೋಮಲಿ, ಕ್ಯಾಂಡಿ, ನುವಾರಾ ಎಲಿಯಾ, ಕತರಗಾಮ, ಬೆಂಟೋಟಾ. ಇದೇ ವಾರ ಮುಂಗಡ ಕೇಳುತ್ತಿದ್ದಾರೆ. ಆದರೆ ಅಮ್ಮ 'ನಾನು ಮನೆಯಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ' ಅನ್ನುತ್ತಿದ್ದಾರೆ. ಚಿಕ್ಕಪ್ಪ ಅಂತೂ 'ಈ ವಯಸ್ಸಿನಲ್ಲಿ ಕರ್ಕೊಂಡು ಹೋಗಿ ಏನಾದ್ರೂ ಆದ್ರೆ ಯಾರು ಜವಾಬು?' ಎಂದು ಎಲ್ಲರ ಎದುರೇ ಕೇಳಿದರು. ಅವತ್ತಿನಿಂದ ನಿದ್ದೆ ಇಲ್ಲ. ಹೋಗುವುದೋ, ಬಿಡುವುದೋ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ತಂಗಿ, ಹೋಗಿ. ಆದರೆ ಈ ಪಟ್ಟಿ ಹಿಡಿದು ಹೋಗಬೇಡಿ, ಏಪ್ರಿಲ್ ಎರಡನೇ ವಾರದಲ್ಲೂ ಬೇಡ.

ಚಿಕ್ಕಪ್ಪನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿದ್ದು ಅದು. ಹಿರಿಯರಿಗೆ ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ಭದ್ರಾವತಿಯ ಮನೆಯಲ್ಲಿ ಕೂರಿಸಿಕೊಂಡೂ ಯಾರೂ ಕೊಡಲಾರರು. ಮಗಳಾಗಿ ನಿಮ್ಮ ಕೈಲಿರುವುದು ತಯಾರಿ. ಆ ತಯಾರಿಯಲ್ಲಿ ಅಪ್ಪ-ಅಮ್ಮನೂ ಪಾಲುದಾರರಾಗಲಿ. ಈವರೆಗೆ ನೀವು, ಏಜೆಂಟ್, ಚಿಕ್ಕಪ್ಪ ಮೂವರೇ ಮಾತಾಡಿದ್ದೀರಿ. ಹೋಗಬೇಕಾದ ಇಬ್ಬರನ್ನು ಕೂರಿಸಿಕೊಂಡು ಕೇಳಿದಂತೆ ಪತ್ರದಲ್ಲಿ ಕಾಣಲಿಲ್ಲ. ಒಂದು ಭಾನುವಾರ ಭದ್ರಾವತಿಗೆ ಹೋಗಿ ಕೂತು ಕೇಳಿ.

ಅಮ್ಮನನ್ನು ಬೇರೆಯಾಗಿ, ಅಡುಗೆಮನೆಯಲ್ಲಿ ಕೇಳಿ. 'ನಾನು ಮನೆಯಲ್ಲೇ ಇರ್ತೀನಿ' ಅನ್ನುವ ತಾಯಂದಿರ ಪತ್ರಗಳನ್ನು ಓದಿ ಓದಿ ನನಗೆ ಅನ್ನಿಸಿರುವುದು, ಅವರ ಭಯ ಸಮುದ್ರದ್ದೂ ಅಲ್ಲ, ವಿಮಾನದ್ದೂ ಅಲ್ಲ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ, ಮಂಡಿ ಬಗ್ಗಿಸಿ ಕೂರಬೇಕಾಗುತ್ತದೋ, ಎಲ್ಲರೂ ಮುಂದೆ ನಡೆದು ತಾನೊಬ್ಬಳು ಹಿಂದೆ ಉಳಿದು ಮೊಮ್ಮಗನ ಖುಷಿ ಕೆಡಿಸುತ್ತೇನೋ ಎಂಬ ಭಯ ಅದು. ಬಾಯಿಬಿಟ್ಟು ಹೇಳಲು ಸಂಕೋಚ. ಇದಕ್ಕೆ ಪರಿಹಾರ ಧೈರ್ಯದ ಮಾತಿನಲ್ಲಿಲ್ಲ. ಉಳಿಯುವ ಕಡೆಯೆಲ್ಲ ಕಮೋಡ್ ಇದೆಯೇ, ಕೊಠಡಿ ನೆಲಮಹಡಿಯಲ್ಲಿದೆಯೇ ಅಥವಾ ಲಿಫ್ಟ್ ಇದೆಯೇ ಎಂದು ವಿಚಾರಿಸಿ, 'ಅಮ್ಮಾ, ಕೇಳಿದ್ದೀನಿ, ಇದೆ' ಎಂದು ಹೇಳಿ. ಶುಗರ್ ಇರುವ ಅಪ್ಪನಿಗೂ ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಬೇಕು. ಚಾಲಕನಿಗೆ ಇದನ್ನು ಮೊದಲ ದಿನವೇ ತಿಳಿಸಿಬಿಡಿ.

ಇನ್ನು ಆ ಪಟ್ಟಿ. ಶ್ರೀಲಂಕಾ ಭೂಪಟದಲ್ಲಿ ಪುಟ್ಟದಾಗಿ ಕಾಣುತ್ತದೆ, ಗಾಡಿಯಲ್ಲಿ ಕೂತಾಗ ಪುಟ್ಟದಲ್ಲ. ಕೊಲಂಬೊದ ಸುತ್ತ ಮತ್ತು ದಕ್ಷಿಣದ ಕಡೆಗೆ ಎಕ್ಸ್‌ಪ್ರೆಸ್‌ವೇ ಇದೆ. ಉಳಿದದ್ದು ಬಹುಪಾಲು ಊರುಗಳ ನಡುವೆ ಹಾದುಹೋಗುವ ದಾರಿ, ಗುಡ್ಡಗಾಡಿನಲ್ಲಿ ತಿರುವಿನ ಮೇಲೆ ತಿರುವು. ಆಗುಂಬೆ ಘಾಟಿಯಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ, ಗಂಟೆ ಲೆಕ್ಕಕ್ಕೆ ಬರುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಸಂಗತಿ. ಕಟುನಾಯಕ ವಿಮಾನ ನಿಲ್ದಾಣದಿಂದ ಕ್ಯಾಂಡಿಗೆ ನೂರು ಕಿಲೋಮೀಟರ್ ಚಿಲ್ಲರೆ, ಮೂರು ಗಂಟೆಗೂ ಮೇಲೆ. ಕ್ಯಾಂಡಿಯಿಂದ ನುವಾರಾ ಎಲಿಯಾಕ್ಕೆ ಎಂಬತ್ತೂ ಇಲ್ಲ, ಆದರೂ ಎರಡೂವರೆ-ಮೂರು ಗಂಟೆ. ಟ್ರಿಂಕೋಮಲಿ ಪೂರ್ವ ಕರಾವಳಿಯಲ್ಲಿ, ಕತರಗಾಮ ಆಗ್ನೇಯದ ಮೂಲೆಯಲ್ಲಿ, ಬೆಂಟೋಟಾ ನೈಋತ್ಯದಲ್ಲಿ. ಈ ಮೂರನ್ನೂ ಆರು ದಿನದಲ್ಲಿ ಮುಟ್ಟಿಸಿದರೆ ಅಪ್ಪ ನೋಡುವುದು ಕಿಟಕಿಯ ಗಾಜನ್ನು ಮಾತ್ರ. ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ದಂಬುಲ್ಲಾದ ಗುಹಾಲಯಕ್ಕೂ ಹತ್ತಬೇಕು, ಅದೂ ಬಿಸಿಲಿಗೆ ಕಾದ ಬಂಡೆಯ ಮೇಲೆ. ಮಂಡಿನೋವಿನ ಅಮ್ಮನನ್ನು ಕೆಳಗೆ ಕೂರಿಸಿ ನೀವು ಮೇಲೆ ಹೋದರೆ ಅದು ಅವರ ಮದುವೆಯ ನಲವತ್ತನೇ ವರ್ಷದ ಪ್ರವಾಸ ಆಗುವುದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಇಳಿದ ದಿನ ಎಲ್ಲಿಗೂ ಓಡದೆ, ವಿಮಾನ ನಿಲ್ದಾಣದ ಹತ್ತಿರವೇ ಇರುವ ನೆಗೊಂಬೊದಲ್ಲಿ ಒಂದು ರಾತ್ರಿ. ಆಮೇಲೆ ಕ್ಯಾಂಡಿಯಲ್ಲಿ ಎರಡು, ನುವಾರಾ ಎಲಿಯಾದಲ್ಲಿ ಎರಡು, ಮತ್ತೆ ನೆಗೊಂಬೊದಲ್ಲಿ ಒಂದು. ಒಂದು ರಾತ್ರಿ ಹೆಚ್ಚಾಯಿತು, ನಿಜ. ಆದರೆ ಐದು ಊರುಗಳ ಗಾಡಿ ಬಾಡಿಗೆ ಉಳಿಯಿತು. ಕ್ಯಾಂಡಿಯಲ್ಲಿ ದಳದಾ ಮಾಳಿಗಾವ, ಅಂದರೆ ಬುದ್ಧನ ದಂತಧಾತುವಿನ ದೇವಾಲಯ, ಮತ್ತು ಕೆರೆಯ ದಂಡೆ. ಹತ್ತಿರದ ಪೆರಾದೆಣಿಯಾ ಸಸ್ಯೋದ್ಯಾನ 147 ಎಕರೆ, ಬಹುಪಾಲು ಸಮತಟ್ಟು. ಅಲ್ಲಿ ಅಮ್ಮ ಕೂತು ಕೂತು ನಡೆಯಬಹುದು. ನುವಾರಾ ಎಲಿಯಾದಿಂದ ಐದಾರು ಕಿಲೋಮೀಟರ್ ದೂರದಲ್ಲಿ, ರಸ್ತೆಯ ಪಕ್ಕದಲ್ಲೇ, ಹಳ್ಳದ ದಂಡೆಗೆ ಸೀತಾ ಅಮ್ಮನ್ ದೇವಸ್ಥಾನ. ಊರಿನ ಹೆಸರೇ ಸೀತಾ ಎಲಿಯಾ. ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರೆ ಹಕ್ಗಲಾ ಉದ್ಯಾನ, ಅಶೋಕವನ ಅದೇ ಎಂದು ಭಕ್ತರ ನಂಬಿಕೆ. ಅಪ್ಪ ಕೇಳಿದ್ದು ಇದನ್ನು. ಇಲ್ಲಿ ಅರ್ಧ ದಿನವಲ್ಲ, ಒಂದು ಪೂರ್ತಿ ದಿನ ಕೊಡಿ. ಕೊನೆಯ ದಿನ ಸಂಜೆಯ ವಿಮಾನವಾದರೆ ಬೆಳಿಗ್ಗೆ ನೆಗೊಂಬೊದಿಂದ ಉತ್ತರಕ್ಕೆ ಚಿಲಾವ್ ಹತ್ತಿರದ ಮುನ್ನೇಶ್ವರಂ ಶಿವನನ್ನೂ ನೋಡಿ ಬರಬಹುದು. ಮಗನಿಗೆ ಆನೆ ತೋರಿಸಲು ಪಿನ್ನವಲಾ ಸೇರಿಸಿ ಎಂದು ಏಜೆಂಟ್ ಹೇಳಬಹುದು. ಆನೆ ಹೊಳೆಯಲ್ಲಿ ಮೀಯುವುದನ್ನು ನೋಡಲು ನಿಮಗೆ ಸಕ್ರೆಬೈಲಿದೆ, ಅದನ್ನು ಕೈಬಿಡಿ.

ಕ್ಯಾಂಡಿಯಿಂದ ಬೆಟ್ಟ ಹತ್ತುವ ರೈಲಿನ ಚಿತ್ರ ನೋಡಿ ಮಗ ಆಸೆಪಟ್ಟಿರಬಹುದು. ನುವಾರಾ ಎಲಿಯಾಕ್ಕೆ ಇಳಿಯಬೇಕಾದ ನಿಲ್ದಾಣ ನಾನು ಓಯಾ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತಕ್ಕೆ ಆ ಗುಡ್ಡಸಾಲಿನಲ್ಲಿ ಭೂಕುಸಿತವಾಗಿ ರಸ್ತೆ, ಹಳಿ ಎರಡಕ್ಕೂ ಭಾರೀ ಪೆಟ್ಟು ಬಿತ್ತು. ಹಾಗಾಗಿ ನೀವು ಹೋಗುವ ವಾರ ಆ ಭಾಗದಲ್ಲಿ ರೈಲು ಓಡುತ್ತಿದೆಯೇ ಎಂದು ಕೇಳಿಯೇ ಟಿಕೆಟ್ ಮಾಡಿಸಿ. ಇಲ್ಲದಿದ್ದರೆ ಗಾಡಿಯಲ್ಲೇ ಹೋಗಿ. ಚಹಾ ತೋಟ ದಾರಿಯುದ್ದಕ್ಕೂ ಕಾಣುತ್ತದೆ.

ದಿನಾಂಕದ ಮಾತು. ಏಪ್ರಿಲ್ 13-14 ಅಲ್ಲಿ ಸಿಂಹಳ-ತಮಿಳು ಹೊಸ ವರ್ಷ. ನಮ್ಮಲ್ಲಿ ದೀಪಾವಳಿಗೆ ಬೆಂಗಳೂರು ಖಾಲಿಯಾಗುವ ಹಾಗೆ ಅಲ್ಲಿ ಜನ ಊರಿಗೆ ಹೊರಡುತ್ತಾರೆ. ಅಂಗಡಿ, ಸಣ್ಣ ಹೋಟೆಲುಗಳು ಮುಚ್ಚಿರುತ್ತವೆ, ಚಾಲಕರು ಸಿಗುವುದಿಲ್ಲ. ನುವಾರಾ ಎಲಿಯಾದಲ್ಲಂತೂ ಏಪ್ರಿಲ್ ಎಂದರೆ ಅಲ್ಲಿಯವರದ್ದೇ ಸೀಸನ್, ಕೊಠಡಿಯ ದರ ಏರಿ ಕೂತಿರುತ್ತದೆ. ನಿಮ್ಮ ರಜೆ ಮೇ ತಿಂಗಳಿಗೂ ಚಾಚುತ್ತದಲ್ಲ, ಏಪ್ರಿಲ್ 20 ದಾಟಿದ ಮೇಲೆ ಹೊರಡಿ, ಮೇ ಮೊದಲ ವಾರದೊಳಗೆ ಮುಗಿಸಿ. ಮೇ ಕೊನೆಗೆ ನೈಋತ್ಯ ಮುಂಗಾರು ಅಲ್ಲಿಗೂ ಬರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಬರುವುದು ಸಾಮಾನ್ಯ. ನೋಡುವುದನ್ನೆಲ್ಲ ಬೆಳಿಗ್ಗೆ ನೋಡಿ, ಮಧ್ಯಾಹ್ನ ಮಲಗಿಸಿ. ಕ್ಯಾಂಡಿಯವರೆಗೆ ಸೆಕೆ, ಬೆವರು. ನುವಾರಾ ಎಲಿಯಾ ಮಾತ್ರ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿದೆ. ಅಲ್ಲಿ ರಾತ್ರಿಗೆ ಸ್ವೆಟರ್, ಅಮ್ಮನ ಮಂಡಿಗೆ ಬೆಚ್ಚನೆಯ ಪಟ್ಟಿ ಬೇಕೇ ಬೇಕು.

ಈಗ ಔಷಧಿ. ಇದನ್ನು ನಿಧಾನವಾಗಿ ಓದಿ.

ಹೊರಡುವ ತಿಂಗಳ ಮುಂಚೆ ಅಪ್ಪನನ್ನು ಅವರ ವೈದ್ಯರಲ್ಲಿ ಕರೆದೊಯ್ದು ಶುಗರ್, ಬಿ.ಪಿ., ಇ.ಸಿ.ಜಿ. ನೋಡಿಸಿ, ಮಾತ್ರೆಗಳ ಚೀಟಿಯನ್ನು ಹೊಸದಾಗಿ ಬರೆಸಿಕೊಳ್ಳಿ. ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ಇಲ್ಲಿಯ ಬ್ರಾಂಡ್ ಅಲ್ಲಿ ಸಿಗದಿದ್ದರೂ ಆ ಹೆಸರಿನಿಂದ ಔಷಧ ಸಿಗುತ್ತದೆ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಇರುವ ದಿನಗಳಿಗಿಂತ ಒಂದು ವಾರದ್ದು ಹೆಚ್ಚು ಇರಲಿ, ಎಲ್ಲವೂ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ, 2006ರಿಂದ ಆ ದೇಶ ನಮ್ಮ ಸಮಯವನ್ನೇ ಅನುಸರಿಸುತ್ತಿದೆ. ಆದ್ದರಿಂದ ಮಾತ್ರೆಯ ಹೊತ್ತು ಬದಲಾಗುವುದಿಲ್ಲ. ಬದಲಾಗುವುದು ಊಟದ ಹೊತ್ತು. ಶುಗರ್ ಮಾತ್ರೆ ನುಂಗಿ ಊಟಕ್ಕೆ ಎರಡು ಗಂಟೆ ತಡವಾದರೆ ಅಪ್ಪನಿಗೆ ಬೆವರು, ನಡುಕ ಬರಬಹುದು. ಬಿಸ್ಕತ್ತು, ಬಾಳೆಹಣ್ಣು, ಸಕ್ಕರೆ ಪೊಟ್ಟಣ ಸದಾ ನಿಮ್ಮ ಚೀಲದಲ್ಲಿರಲಿ.

ಅಲ್ಲಿ ಡೆಂಗಿ ವರ್ಷವಿಡೀ ಇದೆ, ನಮ್ಮ ಶಿವಮೊಗ್ಗದಲ್ಲಿರುವ ಹಾಗೆಯೇ. ಹಗಲು ಕಚ್ಚುವ ಸೊಳ್ಳೆ, ಆದ್ದರಿಂದ ತುಂಬುತೋಳಿನ ಹತ್ತಿ ಬಟ್ಟೆ, ಕೈಕಾಲಿಗೆ ಸೊಳ್ಳೆ ಮುಲಾಮು. ನನಗೆ ಹೆಚ್ಚು ಚಿಂತೆ ಇರುವುದು ಅಮ್ಮನ ಮಂಡಿನೋವಿನ ಮಾತ್ರೆಯದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಡೆಂಗಿ ಜ್ವರದಲ್ಲಿ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ನೋವಿನ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು ಎಂಬುದು ಅಮ್ಮನಿಗೂ ಗೊತ್ತಿರಲಿ. ಅಪ್ಪ ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ, ಜ್ವರ ಬಂದರೆ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಇನ್ನೊಂದು: ಶ್ರೀಲಂಕಾ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಘೋಷಿಸಿದೆ. ಅಲ್ಲಿ ಜ್ವರ ಬಂದರೆ 'ಭಾರತದಿಂದ ಬಂದವರು' ಎಂದು ವೈದ್ಯರಿಗೆ ಹೇಳಿ, ಆಗ ಮಲೇರಿಯಾ ಪರೀಕ್ಷೆಯೂ ಆಗುತ್ತದೆ. ಊರಿಗೆ ಬಂದು ಎರಡು ವಾರದೊಳಗೆ ಜ್ವರ ಕಾಣಿಸಿಕೊಂಡರೆ ಇಲ್ಲಿಯ ವೈದ್ಯರಿಗೆ ಲಂಕೆಗೆ ಹೋಗಿದ್ದನ್ನೂ ಹೇಳಿ, ಆ ದಿನಗಳಲ್ಲಿ ಮಲೆನಾಡಿನ ಕಾಡು-ತೋಟಕ್ಕೆ ಹೋಗಿದ್ದರೆ ಅದನ್ನೂ ಹೇಳಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಕಾಲ ಬೇಸಿಗೆಯವರೆಗೂ ಇರುತ್ತದೆ. ಒಂದನ್ನು ಹುಡುಕುತ್ತ ಇನ್ನೊಂದು ತಪ್ಪಿಹೋಗಬಾರದು.

ಪ್ರವಾಸ ವಿಮೆ ತಪ್ಪದೆ ಮಾಡಿಸಿ. ಅಗ್ಗದ್ದನ್ನು ಹುಡುಕಿ ಬಿ.ಪಿ., ಶುಗರ್ ಮುಚ್ಚಿಟ್ಟರೆ ವಿಮೆ ಇದ್ದೂ ಇಲ್ಲದ ಹಾಗೆ. ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವಂಥದ್ದನ್ನು ಕೇಳಿ ತೆಗೆದುಕೊಳ್ಳಿ, ಆ ಸಾಲನ್ನು ನೀವೇ ಓದಿ ನೋಡಿ. ಅಲ್ಲಿಯ ಆಂಬುಲೆನ್ಸ್ ಸಂಖ್ಯೆ 1990. 'ಸುವ ಸೆರಿಯ' ಎಂಬ ಆ ಉಚಿತ ಸೇವೆ ಭಾರತದ ನೆರವಿನಿಂದ 2016ರಲ್ಲಿ ಶುರುವಾದದ್ದು. ಪೊಲೀಸರಿಗೆ 119. ಭಾರತದ ಹೈಕಮಿಷನ್ ಕೊಲಂಬೊದಲ್ಲಿದೆ, ಕ್ಯಾಂಡಿಯಲ್ಲೂ ಸಹಾಯಕ ಹೈಕಮಿಷನ್ ಕಚೇರಿ ಇದೆ. ಈ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ಅಪ್ಪನ ಜೇಬಿಗೂ ಅಮ್ಮನ ಪರ್ಸಿಗೂ ಹಾಕಿ. ಮೊಬೈಲ್ ಕಳೆದರೂ ಕಾಗದ ಇರುತ್ತದೆ. ಚಿಕ್ಕಪ್ಪನಿಗೂ ಒಂದು ಪ್ರತಿ ಕೊಡಿ, ಸಂಜೆಗೊಮ್ಮೆ ಅವರಿಗೆ ಫೋನ್ ಮಾಡಿಸಿ. ದೂರ ನಿಂತು ಹೆದರುವವರಿಗೆ ಒಂದು ಕೆಲಸ ಕೊಟ್ಟರೆ ಹೆದರಿಕೆ ಇಳಿಯುತ್ತದೆ.

ಊಟದ ಬಗ್ಗೆ ನೀವು ಬರೆದಿಲ್ಲ. ಮನೆಯವರು ಸಸ್ಯಾಹಾರಿಗಳಾದರೆ ಒಂದು ಹೆಸರು ನೆನಪಿಟ್ಟುಕೊಳ್ಳಿ: ಉಂಬಲಕಡ. ಮಾಲ್ದೀವ್ಸ್ ಕಡೆಯ ಒಣಮೀನಿನ ಚೂರು ಅದು. ತೆಂಗಿನತುರಿಯ ಸಾಂಬೋಲ ಚಟ್ನಿಗೂ, ಎಷ್ಟೋ ಕಡೆ ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಬಡಿಸುವವರು 'ವೆಜಿಟೇಬಲ್' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಅವರ ಲೆಕ್ಕದಲ್ಲಿ ಅದು ಒಗ್ಗರಣೆ ಇದ್ದಂತೆ. 'ಉಂಬಲಕಡ ಬೇಡ' ಎಂದು ಪ್ರತಿ ಸಲ ಹೇಳಬೇಕು. ತಮಿಳರು ನಡೆಸುವ ಸಸ್ಯಾಹಾರಿ ಹೋಟೆಲುಗಳಿಗೆ ಅಲ್ಲಿ 'ಶೈವ' ಹೋಟೆಲ್ ಅನ್ನುತ್ತಾರೆ. ಕೊಲಂಬೊ, ಕ್ಯಾಂಡಿ, ನುವಾರಾ ಎಲಿಯಾ ಮೂರೂ ಕಡೆ ಇವೆ, ಇಡ್ಲಿ-ದೋಸೆ ಸಿಗುತ್ತದೆ. ಆದರೆ ಮೂರು ಹೊತ್ತೂ ಇಡ್ಲಿ ಹುಡುಕಬೇಡಿ. ಅಲ್ಲಿಯ ಕೆಂಪಕ್ಕಿ ಅನ್ನ, ತೆಂಗಿನಹಾಲಿನ ಬೇಳೆ, ಒತ್ತು ಶಾವಿಗೆಯಂಥ ಇಡಿಯಪ್ಪ, ನಸು ಕಿತ್ತಳೆ ಬಣ್ಣದ ತಂಬಿಲಿ ಎಳನೀರು ಮಲೆನಾಡಿನ ನಾಲಿಗೆಗೆ ಚೆನ್ನಾಗಿಯೇ ಒಗ್ಗುತ್ತವೆ. ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಡುತ್ತಾರೆ. ಕಿತುಲ್ ಎಂದರೆ ನಮ್ಮ ಬಗನಿ ಮರವೇ. ರುಚಿ ಬಿಡಬಾರದಂಥದ್ದು, ಅಪ್ಪನಿಗೆ ಮಾತ್ರ ಒಂದೇ ಚಮಚ. ನೀರು ಸೀಲಿದ್ದ ಬಾಟಲಿಯದ್ದೇ ಕುಡಿಯಿರಿ.

ಭಾಷೆಯ ಚಿಂತೆ ನಿಮಗಿರಬಹುದು, ಅಪ್ಪನಿಗೆ ಇರಲಾರದು. ಭದ್ರಾವತಿಯ ಕಾರ್ಖಾನೆಗಳಲ್ಲಿ ತಮಿಳರ ಜೊತೆ ವರ್ಷಗಟ್ಟಲೆ ಪಾಳಿ ಮಾಡಿದವರಿಗೆ ವ್ಯವಹಾರಕ್ಕೆ ಸಾಲುವಷ್ಟು ತಮಿಳು ತಾನಾಗಿ ಬಂದಿರುತ್ತದೆ. ಶ್ರೀಲಂಕಾದಲ್ಲಿ ಸಿಂಹಳದ ಜೊತೆ ತಮಿಳೂ ಅಧಿಕೃತ ಭಾಷೆ. ನುವಾರಾ ಎಲಿಯಾದ ಚಹಾ ತೋಟದ ಕಾರ್ಮಿಕರು ಬಹುಪಾಲು ತಮಿಳರು, ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದಿಂದ ಹೋದವರ ಮಕ್ಕಳು-ಮೊಮ್ಮಕ್ಕಳು. ಹೋಟೆಲ್, ಆಟೋ, ದೇವಸ್ಥಾನ ಎಲ್ಲೆಡೆ ಮಾತಾಡುವ ಕೆಲಸವನ್ನು ಅಪ್ಪನಿಗೇ ಬಿಡಿ. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂತ ಗಂಡಸಿಗೆ, ಮೊಮ್ಮಗನ ಎದುರು ಪರದೇಶದಲ್ಲಿ ದಾರಿ ಕೇಳಿ ಹೇಳುವ ಹಿರಿತನ ಸಿಗಲಿ. ಈ ಪ್ರವಾಸದಲ್ಲಿ ನೀವು ಅವರಿಗೆ ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಇದೇ ಎಂದು ನನಗನ್ನಿಸುತ್ತದೆ.

ಬೌದ್ಧ ದೇವಾಲಯಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು, ಟೊಪ್ಪಿ-ಚಪ್ಪಲಿ ಹೊರಗೆ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ಅಪಚಾರ. ಮಗನಿಗೆ ಇದನ್ನು ಮನೆಯಲ್ಲೇ ಹೇಳಿ. ಹುಣ್ಣಿಮೆ ಅಲ್ಲಿ ಪ್ರತಿ ತಿಂಗಳೂ ಸಾರ್ವಜನಿಕ ರಜೆ, 'ಪೋಯ' ಅನ್ನುತ್ತಾರೆ. ಅವತ್ತು ಮದ್ಯ ಮಾರುವುದಿಲ್ಲ, ದೇವಾಲಯಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ. ಮೇ ತಿಂಗಳ ವೆಸಾಕ್ ಪೋಯಕ್ಕೆ ಬೀದಿಬೀದಿಯಲ್ಲಿ ಕಾಗದದ ಗೂಡುದೀಪ, ದಾರಿಹೋಕರಿಗೆಲ್ಲ ಅನ್ನದಾನ. ನಿಮ್ಮ ದಿನಗಳಿಗೆ ಅದು ಕೂಡಿಬಂದರೆ ಪುಣ್ಯ. ಅಧಿಕ ಮಾಸದ ವರ್ಷ ನಮ್ಮ ಬುದ್ಧ ಪೂರ್ಣಿಮೆಗೂ ಅದಕ್ಕೂ ತಿಂಗಳ ವ್ಯತ್ಯಾಸ ಬೀಳಬಹುದು, ಅಲ್ಲಿಯ ರಜಾ ಪಟ್ಟಿಯನ್ನೇ ನೋಡಿ.

ನೆಗೊಂಬೊದಲ್ಲಿ ಸಮುದ್ರ ಎದುರಿಗೇ ಇರುತ್ತದೆ. ತುಂಗೆಯಲ್ಲೋ ಭದ್ರೆಯಲ್ಲೋ ಈಜು ಕಲಿತ ಮಗುವಾದರೂ ಸಮುದ್ರಕ್ಕೆ ಬಿಡಬೇಡಿ. ಅಲೆ ಸಣ್ಣದಾಗಿ ಕಂಡರೂ ಒಳಸೆಳೆತ ಕಾಲು ಕಿತ್ತು ಒಯ್ಯುತ್ತದೆ, ಏಪ್ರಿಲ್ ಕಳೆದಂತೆ ಆ ಕರಾವಳಿ ಇನ್ನೂ ಒರಟಾಗುತ್ತದೆ. ಪಾದ ಮುಳುಗುವಷ್ಟು ನೀರು, ಕೈ ಹಿಡಿದ ದೊಡ್ಡವರು, ಅಷ್ಟೇ.

ಹಣ: ಸ್ವಲ್ಪ ಡಾಲರ್, ಉಳಿದದ್ದು ಫಾರೆಕ್ಸ್ ಕಾರ್ಡ್. ಕಟುನಾಯಕದ ಬ್ಯಾಂಕ್ ಕೌಂಟರಿನಲ್ಲಿ ಬದಲಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯ ರೂಪಾಯಿ ಬೇರೆ, ನಮ್ಮ ಒಂದಕ್ಕೆ ಅವರ ಮೂರಕ್ಕೂ ಹೆಚ್ಚು. ಬೆಲೆ ಕೇಳಿ ಅಮ್ಮ ಗಾಬರಿಯಾಗದ ಹಾಗೆ ಮೊದಲೇ ಹೇಳಿ. 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ಕೂಡ ಇದೆ, ಆದರೆ ಎಲ್ಲ ಅಂಗಡಿಗಳಲ್ಲೂ ಅಲ್ಲ. ಅದನ್ನೇ ನಂಬಿ ಹೋಗಬೇಡಿ.

ಪಾಸ್‌ಪೋರ್ಟ್ ಆಗದಿದ್ದರೆ ಇವತ್ತೇ ಅರ್ಜಿ ಹಾಕಿ. ಶಿವಮೊಗ್ಗದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಪಾಸ್‌ಪೋರ್ಟ್ ಇದ್ದರೆ ಅದಕ್ಕೆ ಕನಿಷ್ಠ ಆರು ತಿಂಗಳ ಆಯಸ್ಸು ಉಳಿದಿರಬೇಕು. ನಮ್ಮವರ ಇನಿಷಿಯಲ್ ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಥರ ಇರುತ್ತದೆ; ವಿಮಾನದ ಟಿಕೆಟ್ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಇರಲಿ. ಶ್ರೀಲಂಕಾದ ಇಟಿಎ ಅನುಮತಿಯನ್ನು ಹೊರಡುವ ಮೊದಲೇ, ಅವರ ವಲಸೆ ಇಲಾಖೆಯ ಅಧಿಕೃತ ತಾಣದಲ್ಲೇ ಮಾಡಿಸಿ. ಅದೇ ಹೆಸರಿನ ನಕಲಿ ತಾಣಗಳು ಮನಬಂದಂತೆ ದುಡ್ಡು ಕೀಳುತ್ತವೆ, ಭಾರತೀಯರಿಗೆ ಶುಲ್ಕದ ನಿಯಮವೂ ಆಗಾಗ ಬದಲಾಗುತ್ತದೆ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಒಂದೂವರೆ ಗಂಟೆಯ ದಾರಿ. ಕಷ್ಟ ಇರುವುದು ಶಿವಮೊಗ್ಗದಿಂದ ದೇವನಹಳ್ಳಿಯವರೆಗೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಳಿಗ್ಗೆ ಹಾರಿ ಅದೇ ದಿನ ಕೊಲಂಬೊ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಬೇರೆ ಬೇರೆ ಟಿಕೆಟ್ ಆದರೆ ಒಂದು ತಡವಾದಾಗ ಇನ್ನೊಂದಕ್ಕೆ ಯಾರೂ ಹೊಣೆಯಲ್ಲ. ಹಿಂದಿನ ದಿನವೇ ರೈಲಿನಲ್ಲಿ ಹೋಗಿ ನೆಂಟರ ಮನೆಯಲ್ಲೋ ವಿಮಾನ ನಿಲ್ದಾಣದ ಹತ್ತಿರವೋ ಮಲಗಿ. ಟಿಕೆಟ್ ಮಾಡಿಸುವಾಗಲೇ ಅಮ್ಮನಿಗೆ ಗಾಲಿಕುರ್ಚಿ ಕೇಳಿ. ಅದಕ್ಕೆ ದುಡ್ಡಿಲ್ಲ, ಉದ್ದದ ಸಾಲುಗಳೂ ತಪ್ಪುತ್ತವೆ. ಅಮ್ಮ ಬೇಡ ಅನ್ನುತ್ತಾರೆ. ನೀವು ಕೇಳಿಟ್ಟಿರಿ.

ಮುಂಗಡ ಈ ವಾರ ಕೊಡಬೇಡಿ. ಹೊಸ ದಿನಾಂಕ, ಮೂರೇ ಊರು, ಒಂದೇ ಚಾಲಕ, ಕಮೋಡ್ ಇರುವ ನೆಲಮಹಡಿ ಕೊಠಡಿ, ಮಧ್ಯಾಹ್ನ ವಿಶ್ರಾಂತಿ, ಕಾಯಿಲೆಯಿಂದ ರದ್ದಾದರೆ ಎಷ್ಟು ಹಣ ವಾಪಸ್: ಇಷ್ಟನ್ನು ವಾಟ್ಸಾಪ್‌ನಲ್ಲಿ ಏಜೆಂಟರಿಗೆ ಕಳಿಸಿ, ಒಪ್ಪಿದ್ದನ್ನು ಬರಹದಲ್ಲಿ ತರಿಸಿಕೊಳ್ಳಿ. ವಿದೇಶ ಪ್ಯಾಕೇಜಿಗೆ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ, ಯಾರ ಪ್ಯಾನ್ ಕೊಡುತ್ತೀರೋ ಅವರ ರಿಟರ್ನ್ಸ್‌ನಲ್ಲಿ ಅದು ಜಮೆ ಸಿಗುತ್ತದೆ. 'ಪಟ್ಟಿ ಬದಲಿಸಲು ಆಗಲ್ಲ' ಎಂದರೆ ಬೇರೆ ಏಜೆಂಟರನ್ನು ನೋಡಿ. ಅದಕ್ಕೂ ಮೊದಲು ಅಪ್ಪನ ವೈದ್ಯರಲ್ಲಿ ದಿನ ಗೊತ್ತುಮಾಡಿ.